ಕಸದಿಂದ ಕಟ್ಟಿದ ಕಪ್ಪೆ ತಾನೇ ಈಗ ಕಸವಾಗುತ್ತಿದೆ. ಉಳಿಸೋದಾ, ಬಿಚ್ಚೋದಾ?

ಗೋಡೆಕಪ್ಪೆ
ಎಲ್ಲರಿಗೂ ನಮಸ್ಕಾರ. ಒಂದು ವರ್ಷದ ಹಿಂದೆ ನಾವು ಆರು ಜನ ಸೇರಿ ರಸ್ತೆ ಮೂಲೆಯ ಗೋಡೆ ಮೇಲೆ ಕಸದಿಂದಲೇ ಒಂದು ದೊಡ್ಡ ಕಪ್ಪೆ ಕಟ್ಟಿದೆವು. ಮೈಗೆ ಹಸಿರು ಬಾಟಲಿ ಮತ್ತು ಒಡೆದ ಬಕೆಟ್, ಹೊಟ್ಟೆಗೆ ಬಿಳಿ ಕ್ಯಾರಿ ಬ್ಯಾಗ್, ಕಣ್ಣಿಗೆ ಎರಡು ಹಳೆಯ ಟೈರ್. ಆ ಮೂಲೆಯಲ್ಲಿ ಜನ ಕಸ ಸುರಿಯುತ್ತಿದ್ದರು. ತಾವು ಎಸೆದದ್ದೇ ತಮ್ಮನ್ನು ನೋಡುತ್ತಿದೆ ಅಂತ ಅವರಿಗೆ ಅನ್ನಿಸಬೇಕು ಎಂಬುದು ನಮ್ಮ ಆಸೆ.

ಮೊದಲ ಮೂರು ತಿಂಗಳು ತುಂಬಾ ಚೆನ್ನಾಗಿತ್ತು. ಜನ ನಿಂತು ನೋಡುತ್ತಿದ್ದರು, ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಸ ಸುರಿಯುವುದೂ ನಿಂತಿತ್ತು. ಈಗ ಕೇಬಲ್ ಟೈಗಳು ಒಂದೊಂದಾಗಿ ತುಂಡಾಗುತ್ತಿವೆ. ಹೊಟ್ಟೆಯ ಬ್ಯಾಗುಗಳು ಬಿಸಿಲಿಗೆ ಪುಡಿಯಾಗಿ ಹಾರುತ್ತಿವೆ. ಹೋದ ಮಳೆಗೆ ಚರಂಡಿಯಿಂದ ನಾನೇ ಕೈಯಾರೆ ಹಸಿರು ಚೂರುಗಳನ್ನು ಆರಿಸಿದೆ. ಕಪ್ಪೆಯ ಕಾಲ ಕೆಳಗೇ ಮತ್ತೆ ಕಸ ಬೀಳುತ್ತಿದೆ.

ನಮ್ಮಲ್ಲಿ ಮೂವರು ರಿಪೇರಿ ಮಾಡೋಣ ಅಂತಾರೆ, ಮೂವರು ಬಿಚ್ಚೋಣ ಅಂತಾರೆ. ಪರಿಸರಕ್ಕೆ ಅಂತ ಮಾಡಿದ್ದೇ ಪರಿಸರಕ್ಕೆ ಹೊರೆಯಾಯಿತಲ್ಲ ಅಂತ ಮನಸ್ಸಿಗೆ ತುಂಬಾ ಬೇಜಾರು. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಮಳೆನೀರು
ಮೊದಲು ಆ ಟೈರ್ ಕಣ್ಣುಗಳನ್ನು ನೋಡಿ. ಒಳಗೆ ನೀರು ನಿಂತಿದೆಯಾ? ಉಳಿದದ್ದು ಆಮೇಲೆ ಮಾತಾಡೋಣ.

ಗೋಡೆಕಪ್ಪೆ
ಈಗ ಹೋಗಿ ನೋಡಿ ಬಂದೆ. ನಿಂತಿದೆ. ಎರಡರಲ್ಲೂ. ಹುಳುಗಳೂ ಇವೆ.

ಮಳೆನೀರು
ಹಾಗಾದರೆ ಇವತ್ತೇ ನೀರು ಚೆಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಟೈರ್ ಅಂದರೆ ಬಲು ಇಷ್ಟದ ಜಾಗ. ಕತ್ತಲೆ, ನೆರಳು, ಅಲುಗಾಡದ ನೀರು, ಎಲ್ಲಾ ಅಲ್ಲೇ ಸಿಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮುಗಿಯಿತು ಅಂದುಕೊಳ್ಳಬೇಡಿ. ಮೊಟ್ಟೆಗಳು ಟೈರಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮುಂದಿನ ಮಳೆಗೆ ಒಡೆಯುತ್ತವೆ. ಒಳಗೆ ಗಟ್ಟಿ ಬ್ರಷ್ ಹಾಕಿ ಚೆನ್ನಾಗಿ ಉಜ್ಜಿ. ಆಮೇಲೆ ತಳಭಾಗದಲ್ಲಿ ಡ್ರಿಲ್ ಹಾಕಿ ನಾಲ್ಕೈದು ದೊಡ್ಡ ತೂತು ಮಾಡಿ. ಬಾಟಲಿಗಳ ಬಾಯಿ ಮೇಲೆ ಮುಖ ಮಾಡಿದ್ದರೆ ಅವನ್ನೂ ನೋಡಿಕೊಳ್ಳಿ. ಮುಚ್ಚಳದಲ್ಲಿ ನಿಂತ ನೀರೂ ಸೊಳ್ಳೆಗೆ ಸಾಕು.

ಸುಮ್ನೆಓದುಗ
ಇದು ನನಗೆ ಹೊಳೆದೇ ಇರಲಿಲ್ಲ. ಟೈರಿನಲ್ಲಿ ಗಿಡ ನೆಟ್ಟ ಪಾರ್ಕುಗಳಲ್ಲೂ ಇದೇ ಕಥೆ ಅಲ್ವಾ?

ಬಣ್ಣದಡಬ್ಬಿ
ಬಿಚ್ಚಬೇಡಿ ಅನ್ನೋದು ನನ್ನ ಮಾತು. ಒಂದು ವರ್ಷಕ್ಕೆ ಹಾಳಾಯಿತು ಅಂದರೆ ವಸ್ತು ಆರಿಸಿದ್ದು ತಪ್ಪಾಗಿದೆ ಅಷ್ಟೇ. ಕಲೆಯದ್ದೇನೂ ತಪ್ಪಿಲ್ಲ. ಲಿಸ್ಬನ್ನಿನಲ್ಲಿ ಬೊರ್ಡಾಲೊ ಸೆಗುಂಡೊ ಅನ್ನುವ ಹೆಸರಿನಲ್ಲಿ ಕೆಲಸ ಮಾಡುವ ಕಲಾವಿದರಿದ್ದಾರೆ. ಗೋಡೆಗಳ ಮೇಲೆ ಆಳೆತ್ತರದ ನರಿ, ಮಂಗ, ಹಕ್ಕಿಗಳನ್ನು ಕಸದಿಂದಲೇ ಕಟ್ಟುತ್ತಾರೆ. ಅವರು ಜಾಸ್ತಿ ಬಳಸುವುದು ಕಾರಿನ ಬಂಪರ್, ಕಸದ ಡಬ್ಬಿ, ಟೈರ್, ಕೆಟ್ಟ ಉಪಕರಣಗಳ ಹೊರಮೈ, ಇಂಥವು. ಎಲ್ಲಾ ದಪ್ಪ, ಗಟ್ಟಿ ಸಾಮಾನು. ಬಂಪರನ್ನು ಬಿಸಿಲಲ್ಲೇ ಬದುಕಲೆಂದು ಮಾಡಿರುತ್ತಾರೆ. ಕ್ಯಾರಿ ಬ್ಯಾಗ್ ಹಾಗಲ್ಲವಲ್ಲ.

ಅವರ ಅರ್ಧಾರ್ಧ ಪ್ರಾಣಿಗಳನ್ನು ಒಮ್ಮೆ ನೋಡಿ. ಮುಖದ ಒಂದು ಅರ್ಧಕ್ಕೆ ಬಣ್ಣ ಹೊಡೆದು ನಿಜದ ಪ್ರಾಣಿಯಂತೆ ಮಾಡುತ್ತಾರೆ. ಇನ್ನರ್ಧದ ಕಸವನ್ನು ಅದರ ಬಣ್ಣದಲ್ಲೇ ಬಿಡುತ್ತಾರೆ. ದೂರದಿಂದ ನೋಡಿದವರಿಗೆ ಪ್ರಾಣಿ ಕಾಣುತ್ತದೆ, ಹತ್ತಿರ ಬಂದವರಿಗೆ ಕಸ ಕಾಣುತ್ತದೆ. ಆ ನಾಲ್ಕು ಹೆಜ್ಜೆಯಲ್ಲಿ ಆಗುವ ಬದಲಾವಣೆಗೆ ಬೇರೆ ಯಾವ ಪೋಸ್ಟರೂ ಸಮ ಇಲ್ಲ. ನಿಮ್ಮ ಕಪ್ಪೆಯನ್ನೂ ಹಾಗೆ ಮತ್ತೆ ಕಟ್ಟಬಹುದು.

ವಿಂಗಡಣೆಕೇಂದ್ರ
ನಾನು ಒಣ ಕಸ ವಿಂಗಡಿಸುವ ಕಡೆ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಂದು ಮಾತು ನೇರವಾಗಿ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ಕಸದ ಕಲೆ ಮಾಡುವವರು ನಮ್ಮಲ್ಲಿಗೆ ಬಂದಾಗಲೆಲ್ಲ ಕೇಳುವುದು ಶುಭ್ರವಾದ ನೀರಿನ ಬಾಟಲಿ, ಅಲ್ಯುಮಿನಿಯಂ ಡಬ್ಬಿ, ಬಾಟಲಿ ಮುಚ್ಚಳ. ನಮ್ಮ ಮನೆ ನಡೆಯುವುದೇ ಈ ಮೂರರಿಂದ! ಇವಕ್ಕೆ ಕೊಳ್ಳುವವರಿದ್ದಾರೆ. ಬಾಟಲಿ ಕರಗಿ ನೂಲಾಗುತ್ತದೆ. ಡಬ್ಬಿ ಕರಗಿ ಮತ್ತೆ ಡಬ್ಬಿಯಾಗುತ್ತದೆ. ಅದಿರಿನಿಂದ ಹೊಸ ಅಲ್ಯುಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಶೇ. 95ರಷ್ಟು ಶಕ್ತಿ ಉಳಿಯುತ್ತದೆ. ಅದನ್ನು ಗೋಡೆಗೆ ಬಡಿದು ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ಅದರ ದಾರಿ ಅಲ್ಲಿಗೇ ನಿಂತಿತು. ಬಣ್ಣ, ಅಂಟು, ತಂತಿ ಸೇರಿದ ಪ್ಲಾಸ್ಟಿಕ್ಕನ್ನು ನಾವು ತೆಗೆದುಕೊಳ್ಳುವುದಿಲ್ಲ.

ನಮಗೆ ಬೇಡವಾದದ್ದು ಬೇಕಾದಷ್ಟಿದೆ. ಒಳಗೆ ಬೆಳ್ಳಿ ಬಣ್ಣ ಇರುವ ತಿಂಡಿ ಪ್ಯಾಕೆಟ್. ಹರಿದ ಚಪ್ಪಲಿ. ನಾಲ್ಕು ಬಗೆಯ ಪ್ಲಾಸ್ಟಿಕ್ ಸೇರಿಸಿ ಮಾಡಿದ ಆಟಿಕೆ. ಒಡೆದ ಹೆಲ್ಮೆಟ್, ಹಲ್ಲುಜ್ಜುವ ಬ್ರಷ್, ಪೆನ್ನು. ಒಡೆದ ಟೈಲ್ಸ್, ಪಿಂಗಾಣಿ. ಇವನ್ನು ಯಾರೂ ಕೊಳ್ಳುವುದಿಲ್ಲ. ಕಲೆ ಮಾಡುವವರು ಇವನ್ನು ಒಯ್ಯಲಿ, ನಾನೇ ಮೂಟೆ ಕಟ್ಟಿ ಕೊಡುತ್ತೇನೆ.

ಗೋಡೆಕಪ್ಪೆ
ಅಕ್ಕಾ (ಅಣ್ಣ ಆಗಿದ್ದರೆ ಕ್ಷಮಿಸಿ), ನಮ್ಮ ಕಪ್ಪೆಯಲ್ಲಿ ಮುಕ್ಕಾಲು ಭಾಗ ನೀವು ಹೇಳಿದ ಹಾಗೆ ಮಾರಾಟವಾಗುವ ಬಾಟಲಿಗಳೇ. ಓದಿ ನಿಜವಾಗಿ ಸಂಕಟವಾಯಿತು.

ವಿಂಗಡಣೆಕೇಂದ್ರ
ಅಕ್ಕನೇ. ಸಂಕಟ ಬೇಡಪ್ಪಾ. ಕೇಳಿದಿರಲ್ಲ, ಅದೇ ದೊಡ್ಡದು.

ಹಳೆಮೇಷ್ಟ್ರು
ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಶಾಲೆಗಳಲ್ಲಿ "ಕಸದಿಂದ ರಸ" ಸ್ಪರ್ಧೆ ಇಡುತ್ತಾರೆ. ಹತ್ತು ಬಾಟಲಿ ತನ್ನಿ ಅಂತ ಮಕ್ಕಳಿಗೆ ಹೇಳುತ್ತಾರೆ. ಮನೆಯಲ್ಲಿ ಬಾಟಲಿ ಇರುವುದಿಲ್ಲ. ಅಪ್ಪ ಅಮ್ಮ ಅಂಗಡಿಯಿಂದ ಹೊಸ ಬಾಟಲಿ ತಂದು, ನೀರು ಚೆಲ್ಲಿ, ಖಾಲಿ ಮಾಡಿ ಕಳಿಸುತ್ತಾರೆ. ಜೊತೆಗೆ ಹೊಸ ಥರ್ಮಾಕೋಲ್, ಹೊಸ ಮಿಂಚಿನ ಪುಡಿ, ಹಾಟ್ ಗ್ಲೂ. ಸ್ಪರ್ಧೆ ಮುಗಿದ ಸಂಜೆ ಎಲ್ಲವೂ ಶಾಲೆಯ ಹಿಂದಿನ ಗುಂಡಿಗೆ ಹೋಗುತ್ತದೆ. ನಾನೇ ತೀರ್ಪುಗಾರನಾಗಿ ಕೂತು ಬಹುಮಾನ ಕೊಟ್ಟಿದ್ದೇನೆ. ಆಮೇಲೆ ಆ ಗುಂಡಿ ನೋಡಿ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂದಿನ ವರ್ಷ ನಿಯಮ ಬದಲಿಸಿದೆವು. ಶಾಲೆಯ ಡಬ್ಬಿಯಲ್ಲಿ ಆ ವಾರ ಬಿದ್ದದ್ದನ್ನು ಮಾತ್ರ ಬಳಸಬೇಕು, ಅಂಟು ಬಳಸಬಾರದು, ಸಂಜೆ ಬಿಚ್ಚಿ ಮತ್ತೆ ವಿಂಗಡಿಸಬೇಕು. ಮಕ್ಕಳು ಮೊದಲು ಗೊಣಗಿದರು. ಆದರೆ ಡಬ್ಬಿಯಲ್ಲಿ ಏನೇನು ಬೀಳುತ್ತದೆ ಅಂತ ಅವರಿಗೆ ಗೊತ್ತಾದದ್ದು ಆವಾಗಲೇ.

ಜಾಲರಿ
ಮೇಷ್ಟ್ರೇ, ಬಿಚ್ಚುವುದನ್ನೂ ಸ್ಪರ್ಧೆಯ ಭಾಗ ಮಾಡಿದ್ದು ತುಂಬಾ ಒಳ್ಳೆಯ ಯೋಚನೆ.

ನಲ್ಲಿನಿಲ್ಲಿಸಿ
ನನಗೆ ಬೇರೆ ತಕರಾರು ಇದೆ. "ನೀವು ಎಸೆದದ್ದೇ ನಿಮ್ಮನ್ನು ನೋಡುತ್ತಿದೆ" ಅಂತ ಬೀದಿಯ ಜನರನ್ನೇ ಯಾಕೆ ಬೈಯುತ್ತೀರಿ? 1950ರಿಂದ 2015ರ ತನಕ ಲೋಕದಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಸುಮಾರು 630 ಕೋಟಿ ಟನ್ ಆಗಲೇ ಕಸವಾಗಿತ್ತು. ಮರುಬಳಕೆಗೆ ಹೋದದ್ದು ಆ ಕಸದ ಶೇ. 9 ಮಾತ್ರ. ಬೀದಿಯಲ್ಲಿ ಎಸೆಯುವವನೊಬ್ಬ ತಿದ್ದಿಕೊಂಡರೆ ಈ ಲೆಕ್ಕ ಬದಲಾಗುತ್ತದೆಯೇ? ತಯಾರಿಸುವವರ ಕಡೆಗೂ ಬೆರಳು ತೋರಿಸಬೇಕು.

2022ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ನಡೆದಾಗ ಬೆಂಜಮಿನ್ ವಾನ್ ವಾಂಗ್ ಎಂಬ ಕಲಾವಿದರು ಒಂದು ದೈತ್ಯ ನಲ್ಲಿಯ ಆಕೃತಿ ಕಟ್ಟಿ ಇಟ್ಟಿದ್ದರು. ಅದರ ಬಾಯಿಂದ ಪ್ಲಾಸ್ಟಿಕ್ ಕಸ ಧಾರೆಯಾಗಿ ಸುರಿಯುತ್ತಿತ್ತು. ನೆಲ ಒರೆಸುವ ಮೊದಲು ನಲ್ಲಿ ನಿಲ್ಲಿಸಿ ಅನ್ನುವುದು ಅದರ ಅರ್ಥ. ಕಸದ ಕಲೆ ಅಂದರೆ ಹೀಗಿರಬೇಕು.

ಬಣ್ಣದಡಬ್ಬಿ
ಆ ನಲ್ಲಿ ಚೆನ್ನಾಗಿತ್ತು, ಒಪ್ಪುತ್ತೇನೆ. ಅದೇ ಸಭೆಯಲ್ಲಿ ಪ್ಲಾಸ್ಟಿಕ್ ಬಗ್ಗೆ ಲೋಕಕ್ಕೆಲ್ಲ ಒಂದು ಒಪ್ಪಂದ ಮಾಡಬೇಕು ಅಂತ ತೀರ್ಮಾನವೂ ಆಯಿತು. ಆದರೆ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆ ಒಪ್ಪಂದವಿಲ್ಲದೆ ಮುಗಿಯಿತು. ಒಪ್ಪಂದ ಆಗುವ ತನಕ ನಮ್ಮ ಬೀದಿಯ ಚರಂಡಿ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಆರು ಜನ ಬಿಡುವಿನ ದಿನ ಸೇರಿ ಮಾಡಬಹುದಾದದ್ದು ಕಪ್ಪೆಯೇ ಹೊರತು ಒಪ್ಪಂದ ಅಲ್ಲವಲ್ಲ.

ನಲ್ಲಿನಿಲ್ಲಿಸಿ
ಕಪ್ಪೆ ಬೇಡ ಅಂತ ನಾನು ಎಲ್ಲಿ ಹೇಳಿದೆ? ಕಪ್ಪೆಯ ಬಾಯಲ್ಲಿ ಬೇರೆ ಮಾತು ಇಡಿ ಅಂದೆ. ಆ ಮೂಲೆಯಲ್ಲಿ ಸಿಗುವ ಪ್ಯಾಕೆಟ್ಟುಗಳನ್ನು ಒಂದು ವಾರ ಎಣಿಸಿ. ಯಾವ ಬಗೆಯದ್ದು ಎಷ್ಟು ಅಂತ ಗೋಡೆ ಮೇಲೆ ಬರೆಯಿರಿ. ಬೀದಿಯ ಜನಕ್ಕೂ ಗೊತ್ತಾಗಲಿ, ತಯಾರಿಸುವವರಿಗೂ ಮುಟ್ಟಲಿ.

ಗೋಡೆಕಪ್ಪೆ
ಎಣಿಸುವ ಯೋಚನೆ ಇಷ್ಟವಾಯಿತು.

ತಿರುವುರಸ್ತೆ
ಕಲೆ ಇಟ್ಟರೆ ಕಸ ಸುರಿಯುವುದು ನಿಲ್ಲುತ್ತದೆ ಅನ್ನುವುದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಬೀದಿಯಲ್ಲೂ ಇಂಥದ್ದೇ ಮೂಲೆಗೆ ಚಿತ್ರ ಬರೆದು, ತಗಡಿನ ಹಕ್ಕಿಗಳನ್ನು ಕೂರಿಸಿದೆವು. ಮಾರನೇ ದಿನವೇ ಆ ಮೂಲೆ ಶುಭ್ರ. ಎಲ್ಲರಿಗೂ ಖುಷಿ. ಎರಡು ವಾರ ಕಳೆದ ಮೇಲೆ ನೋಡಿದರೆ ಇಪ್ಪತ್ತು ಹೆಜ್ಜೆ ಆಚೆ ಹೊಸ ರಾಶಿ ಎದ್ದಿತ್ತು. ಕಸ ಜಾಗ ಬದಲಿಸಿತ್ತು ಅಷ್ಟೇ.

ಆಮೇಲೆ ಸುಮ್ಮನೆ ಕೂತು ನೋಡಿದೆವು, ಯಾರು ಸುರಿಯುತ್ತಾರೆ ಅಂತ. ಬಹುಪಾಲು ಜನ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವವರು. ಕಸದ ಗಾಡಿ ಬರುವ ಹೊತ್ತಿಗೆ ಅವರ ಮನೆಗೆ ಬೀಗ. ಗಾಡಿಯ ಸಮಯ ಬದಲಿಸಲು ಕೇಳಿಕೊಂಡು, ಸಂಜೆ ಒಮ್ಮೆ ಬರುವಂತೆ ಮಾಡಿಸಿದ ಮೇಲೆ ಆ ರಾಶಿಯೂ ಕರಗಿತು. ಗೋಡೆಕಪ್ಪೆಯವರೇ, ನಿಮ್ಮ ಮೂಲೆಯಲ್ಲಿ ಸುರಿಯುವವರು ಯಾರು ಅಂತ ನೋಡಿದ್ದೀರಾ?

ಗೋಡೆಕಪ್ಪೆ
ಇಲ್ಲ. ನಾವು ಕಪ್ಪೆ ನೋಡಿದೆವೇ ಹೊರತು ಜನರನ್ನು ನೋಡಲಿಲ್ಲ.

ಅಂಚಿನಮನೆ
ಹಾಗಾದರೆ ಕಲೆಯಿಂದ ಉಪಯೋಗವೇ ಇಲ್ಲ ಅಂತಾಯಿತು. ಗಾಡಿ ಬಂದರೆ ಸಾಕಿತ್ತು.

ತಿರುವುರಸ್ತೆ
ಹಾಗನ್ನಬೇಡಿ. ಹಕ್ಕಿ ಕೂರಿಸುವ ಮೊದಲು ನಾವು ಯಾರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ಗಾಡಿಯ ಸಮಯ ಕೇಳಲು ಹನ್ನೊಂದು ಮನೆಯವರು ಒಟ್ಟಿಗೆ ಹೋದೆವು. ಆ ಹನ್ನೊಂದು ಮನೆ ಒಂದಾದದ್ದು ತಗಡು ಕತ್ತರಿಸುತ್ತಾ ಕೂತಾಗ.

ಚಂಡಿಗಢನೆನಪು
ಬಾಳಿಕೆಯ ಮಾತು ಬಂದಿದ್ದರಿಂದ ನೇಕ್ ಚಂದ್ ಅವರನ್ನು ನೆನೆಯಲೇಬೇಕು. ಚಂಡಿಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. 1957ರ ಹೊತ್ತಿಗೆ ಶುರು ಮಾಡಿ, ಕೆಲಸದ ಹೊತ್ತು ಮುಗಿದ ಮೇಲೆ, ಕಾಡಿನ ಜಾಗದಲ್ಲಿ ಯಾರಿಗೂ ಹೇಳದೆ ಕಟ್ಟಿದರು. ಒಡೆದ ಬಳೆ, ಒಡೆದ ಪಿಂಗಾಣಿ ತಟ್ಟೆ, ಹಳೆಯ ಶೌಚಾಲಯದ ತುಂಡು, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ. ಎಲ್ಲವನ್ನೂ ಸಿಮೆಂಟಿನಲ್ಲಿ ಕೂರಿಸಿ ಸಾಲು ಸಾಲು ಗೊಂಬೆ ಮಾಡಿದರು. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕಾನೂನಿನ ಪ್ರಕಾರ ಕೆಡವಬೇಕಿತ್ತು. ಜನರ ಒತ್ತಾಸೆಯಿಂದ ಉಳಿಯಿತು. 1976ರಲ್ಲಿ ರಾಕ್ ಗಾರ್ಡನ್ ಅಂತ ಎಲ್ಲರಿಗೂ ತೆರೆದರು. ಇವತ್ತಿಗೂ ನಿಂತಿದೆ. ಬಳೆ ಚೂರು ಬಿಸಿಲಿಗೆ ಪುಡಿಯಾಗುವುದಿಲ್ಲ, ಮಳೆಗೆ ಕೊಚ್ಚಿ ಹೋಗುವುದಿಲ್ಲ.

ವಿಂಗಡಣೆಕೇಂದ್ರ ಅಕ್ಕ ಹೇಳಿದ ಪಟ್ಟಿಯಲ್ಲಿ ಒಡೆದ ಟೈಲ್ಸ್, ಪಿಂಗಾಣಿ ಇದೆಯಲ್ಲ. ನನ್ನ ಪ್ರಕಾರ ಹೊಸ ಕಪ್ಪೆಗೆ ಅದೇ ಸರಿ.

ಜಾಲರಿ
ನಾನು ವೆಲ್ಡಿಂಗ್ ಕೆಲಸ ಮಾಡುವವನು. ಇಂಥ ಮೂರ್ನಾಲ್ಕು ಗೋಡೆಗಳಿಗೆ ಫ್ರೇಮ್ ಹಾಕಿಕೊಟ್ಟಿದ್ದೇನೆ. ಬಿದ್ದದ್ದೆಲ್ಲ ಯಾಕೆ ಬಿತ್ತು ಅಂತ ಹೇಳುತ್ತೇನೆ.

ಕೇಬಲ್ ಟೈ ನೈಲಾನಿನದ್ದು. ಬಿಳಿಯದ್ದು ಬಿಸಿಲಲ್ಲಿ ಬೇಗ ಪೆಡಸಾಗಿ ಪಟ್ಟನೆ ಮುರಿಯುತ್ತದೆ. ಕಪ್ಪು ಬಣ್ಣದ್ದರಲ್ಲಿ ಮಸಿ ಬೆರೆಸಿರುತ್ತಾರೆ, ಅದು ಬಿಸಿಲು ತಡೆಯುತ್ತದೆ, ಸ್ವಲ್ಪ ಜಾಸ್ತಿ ದಿನ ಬರುತ್ತದೆ. ಹಾಟ್ ಗ್ಲೂ ಹೊರಗಡೆ ಬೇಡವೇ ಬೇಡ. ಮಧ್ಯಾಹ್ನದ ಬಿಸಿಗೆ ಮೆತ್ತಗಾಗಿ ಜಾರುತ್ತದೆ. ಗೋಡೆಗೆ ನೇರವಾಗಿ ಏನನ್ನೂ ಹೊಡೆಯಬೇಡಿ. ಮೊದಲು ಕಬ್ಬಿಣದ ಫ್ರೇಮ್, ಅದಕ್ಕೆ ಜಾಲರಿ, ಜಾಲರಿಗೆ ಸಾಮಾನು. ಸ್ಕ್ರೂ, ನಟ್ಟು ಬೋಲ್ಟು, ಇಲ್ಲವೇ ಸತು ಲೇಪದ ತಂತಿ. ಯಾವುದನ್ನು ಬಿಚ್ಚಲು ಆಗುವುದಿಲ್ಲವೋ ಅದರಿಂದ ಕಟ್ಟಬೇಡಿ. ಹೀಗೆ ಮಾಡಿದರೆ ಕೆಟ್ಟ ಒಂದು ತುಂಡನ್ನು ಮಾತ್ರ ತೆಗೆದು ಬೇರೆ ಹಾಕಬಹುದು.

ಲಾಸ್ ಏಂಜಲೀಸ್‌ನ ವಾಟ್ಸ್ ಟವರ್ಸ್ ಗೊತ್ತಾ? ಸೈಮನ್ ರೋಡಿಯಾ ಅನ್ನುವ ಕಟ್ಟಡ ಕಾರ್ಮಿಕ 1921ರಿಂದ 1954ರ ತನಕ ಒಬ್ಬನೇ ಕಟ್ಟಿದ್ದು. ಉಕ್ಕಿನ ಸರಳು, ಜಾಲರಿ, ಗಾರೆ, ಮೇಲೆ ಗಾಜಿನ ಚೂರು, ಟೈಲ್ಸ್, ಕಪ್ಪೆಚಿಪ್ಪು. ಎತ್ತರದ್ದು ಹೆಚ್ಚುಕಡಿಮೆ 30 ಮೀಟರ್. ಅಪಾಯ ಅಂತ ನಗರಾಡಳಿತ ಕೆಡವಲು ಹೊರಟಿತು. 1959ರಲ್ಲಿ ಯಂತ್ರದಿಂದ ಎಳೆದು ಪರೀಕ್ಷೆ ಮಾಡಿದರು. ಟವರ್ ಜಗ್ಗಲಿಲ್ಲ. ಈ ಕಥೆ ಓದಿದ ದಿನ ನಮ್ಮ ಕೆಲಸದ ಮೇಲೆ ನನಗೆ ಗೌರವ ಹೆಚ್ಚಾಯಿತು.

ಸುಮ್ನೆಓದುಗ
ಒಂದು ಪ್ರಶ್ನೆ. ಹಳೆಯ ಟಿವಿ, ಕಂಪ್ಯೂಟರ್ ತುಂಡು ಬಳಸಬಹುದಾ? ನನ್ನ ಹತ್ತಿರ ಒಂದು ರಾಶಿ ಇದೆ. ರೋಬೊ ಥರ ಮಾಡಬೇಕು ಅಂತ ಆಸೆ.

ವಿಂಗಡಣೆಕೇಂದ್ರ
ದಪ್ಪ ಹಿಂಭಾಗದ ಹಳೆಯ ಟಿವಿಯ ಗಾಜನ್ನು ಮುಟ್ಟಲೇಬೇಡಿ, ಅದರಲ್ಲಿ ಸೀಸ ಇರುತ್ತದೆ. ಬ್ಯಾಟರಿಯಂತೂ ಬೇಡವೇ ಬೇಡ. ಅವನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಕೀಬೋರ್ಡ್ ಗುಂಡಿ, ಮೌಸ್ ಹೊರಮೈ ಪರವಾಗಿಲ್ಲ.

ಮಳೆನೀರು
ಹಳೆಯ ಟ್ಯೂಬ್‌ಲೈಟ್ ಕೂಡ ಬೇಡ, ಒಳಗೆ ಪಾದರಸ ಇರುತ್ತದೆ. ಒಡೆದರೆ ಕಷ್ಟ.

ಅಂಚಿನಮನೆ
ನಾನು ಬೇಜಾರಿನಲ್ಲಿ ಮೇಲೆ ಹಾಗೆ ಬರೆದೆ. ನಮ್ಮ ಕಡೆ ಒಂದು ಕಂಪನಿ ಕಸದ ಮೀನು ಮಾಡಿಸಿ, ಪಕ್ಕದಲ್ಲಿ ತನ್ನ ಹೆಸರಿನ ದೊಡ್ಡ ಬೋರ್ಡ್ ಹಾಕಿತು. ಮೀನಿನ ಹೊಟ್ಟೆಯಲ್ಲಿ ಇದ್ದದ್ದು ಅವರದ್ದೇ ಬಾಟಲಿ. ಉದ್ಘಾಟನೆಗೆ ಬಂದವರಿಗೆಲ್ಲ ಅದೇ ಬಾಟಲಿಯಲ್ಲಿ ನೀರು ಕೊಟ್ಟರು. ಅವತ್ತಿನಿಂದ ಇಂಥದ್ದು ಅಂದರೆ ನನಗೆ ನಂಬಿಕೆ ಹೋಗಿದೆ.

ನಲ್ಲಿನಿಲ್ಲಿಸಿ
ನೀವು ಹೇಳುವುದು ಪೂರ್ತಿ ಸರಿ. ಇದಕ್ಕೇ ನಾನು ತಯಾರಿಸುವವರ ಕಡೆ ನೋಡಿ ಅಂದದ್ದು. ಯಾರ ದುಡ್ಡಿನಲ್ಲಿ ಮಾಡುತ್ತೇವೆ ಅನ್ನುವುದರ ಮೇಲೆ ಕಲೆ ಏನು ಹೇಳಬಹುದು ಅನ್ನುವುದು ನಿಂತಿದೆ.

ಚಂಡಿಗಢನೆನಪು
ಇನ್ನೊಂದು ಕಡೆಯಿಂದಲೂ ನೋಡೋಣ. ಕಸ ಆಯುವವರ ಹೆಸರು ಗೋಡೆ ಮೇಲೆ ಯಾಕೆ ಬರುವುದಿಲ್ಲ? ಬ್ರೆಜಿಲ್‌ನ ಕಲಾವಿದ ವಿಕ್ ಮುನಿಜ್ ಅಲ್ಲಿನ ರಿಯೊ ನಗರದ ಹತ್ತಿರದ ಜಾರ್ಡಿಮ್ ಗ್ರಮಾಚೊ ಎಂಬ ದೊಡ್ಡ ಕಸದ ಬೆಟ್ಟದಲ್ಲಿ ಕೆಲಸ ಮಾಡಿದರು. ಅಲ್ಲಿ ಕಸ ಆಯುತ್ತಿದ್ದವರದ್ದೇ ಮುಖಗಳು, ಕಸದಿಂದಲೇ. ಜೋಡಿಸಲು ಕೈ ಹಾಕಿದವರೂ ಅವರೇ. ದೊಡ್ಡ ನೆಲದ ಮೇಲೆ ಜೋಡಿಸಿ, ಮೇಲಿನಿಂದ ಫೋಟೊ ತೆಗೆದರು. ಉಳಿದದ್ದು ಫೋಟೊ. ಅದನ್ನು ಮಾರಿ ಬಂದ ಹಣ ಆಯುವವರಿಗಾಗಿ ಹೋಯಿತು.

ಗೋಡೆಕಪ್ಪೆಯವರೇ, ಕಲೆ ಗೋಡೆ ಮೇಲೆ ವರ್ಷಗಟ್ಟಲೆ ಇರಲೇಬೇಕು ಅಂತೇನಿಲ್ಲ. ಒಳ್ಳೆಯ ಫೋಟೊ ತೆಗೆದು ಧೈರ್ಯವಾಗಿ ಬಿಚ್ಚಿ.

ಬಣ್ಣದಡಬ್ಬಿ
ಬಿಚ್ಚಬೇಡಿ ಅಂದಿದ್ದೆ. ಈಗ ಮಾತು ಬದಲಿಸುತ್ತೇನೆ. ಬ್ಯಾಗುಗಳು ಹಾರುತ್ತಿವೆ ಅಂದಮೇಲೆ ಹೊಟ್ಟೆಯನ್ನಾದರೂ ಈ ವಾರವೇ ತೆಗೆಯಿರಿ. ಪುಡಿಯಾದ ಮೇಲೆ ಮಣ್ಣಿನಿಂದ ಅದನ್ನು ಆರಿಸಲು ಯಾರಿಂದಲೂ ಆಗುವುದಿಲ್ಲ. ಬಿಚ್ಚುವಾಗ ಕೆಳಗೆ ದೊಡ್ಡ ಟಾರ್ಪಾಲು ಹಾಸಿ. ಗಾಳಿ ಇಲ್ಲದ ಹೊತ್ತು ನೋಡಿಕೊಳ್ಳಿ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ.

ಹಳೆಮೇಷ್ಟ್ರು
ಬಿಚ್ಚುವ ದಿನ ಮಕ್ಕಳನ್ನು ಕರೆಯಿರಿ. ಕಟ್ಟುವಾಗ ನೋಡಿದ ಮಕ್ಕಳು ಬಿಚ್ಚುವಾಗಲೂ ನೋಡಲಿ.

ಗೋಡೆಕಪ್ಪೆ
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ.

ಟೈರ್ ಅವತ್ತೇ ಉಜ್ಜಿದೆವು. ಹೋದ ಭಾನುವಾರ ಕಪ್ಪೆಯನ್ನು ಬಿಚ್ಚಿದೆವು. ಕಟ್ಟಿದ ಆರು ಜನರಲ್ಲಿ ಐವರು ಬಂದಿದ್ದರು. ಆದರೆ ಬೀದಿಯವರು ಹದಿನಾಲ್ಕು ಜನ ಸೇರಿದರು, ಅದನ್ನು ನಾವು ನಿರೀಕ್ಷಿಸಿರಲಿಲ್ಲ. ಬಣ್ಣ ತಾಗದ ಬಾಟಲಿಗಳನ್ನು ತೊಳೆದು ಬೇರೆ ಮಾಡಿದೆವು. ಒಟ್ಟು ಎರಡು ಮೂಟೆ, ಎರಡನ್ನೂ ನಮ್ಮ ಕಡೆಯ ವಿಂಗಡಣೆಯವರು ತೆಗೆದುಕೊಂಡರು. ಬಣ್ಣ ತಾಗಿದ್ದು ಅದಕ್ಕಿಂತ ಜಾಸ್ತಿ ಇತ್ತು, ಅದು ಎಲ್ಲಿಗೂ ಹೋಗಲಿಲ್ಲ. ಅದನ್ನೇ ಚಿಕ್ಕದಾಗಿ ಕತ್ತರಿಸಿ, ಹೊಸ ಕಪ್ಪೆಯ ಒಳಗೆ ಬಿಸಿಲು ತಾಗದ ಹಾಗೆ ತುಂಬಿ, ಮೇಲೆ ಜಾಲರಿ, ಗಾರೆ ಮತ್ತು ಟೈಲ್ಸ್ ಚೂರು ಹಾಕೋಣ ಅಂದುಕೊಂಡಿದ್ದೇವೆ.

ಮೂಲೆಯಲ್ಲಿ ಮೂರು ಬೆಳಿಗ್ಗೆ ಕೂತು ನೋಡಿದೆ. ತಿರುವುರಸ್ತೆಯವರು ಹೇಳಿದ್ದು ಇಲ್ಲಿಗೂ ಸರಿ. ಸುರಿಯುವವರಲ್ಲಿ ಹೆಚ್ಚಿನವರು ಗಾಡಿ ಬರುವ ಮೊದಲೇ ಹೊರಡುವವರು. ಅವರಲ್ಲಿ ಒಬ್ಬರು ಭಾನುವಾರ ಬಂದು ತಂತಿ ಕತ್ತರಿಸಿದರು.

ಜಾಲರಿ
ಗಾರೆ ಒಳಗೆ ಪ್ಲಾಸ್ಟಿಕ್ ತುಂಬಬೇಡಿ ಮಾರಾಯ್ರೇ. ನಾಳೆ ಒಡೆಯಬೇಕಾದರೆ ಎರಡೂ ಸೇರಿ ಯಾವುದಕ್ಕೂ ಬರುವುದಿಲ್ಲ. ಒಳಗೆ ಟೊಳ್ಳು ಇರಲಿ. ಬಣ್ಣ ತಾಗಿದ್ದನ್ನು ಮೂಟೆ ಕಟ್ಟಿ ಒಣ ಜಾಗದಲ್ಲಿಟ್ಟು, ತೆಗೆದುಕೊಳ್ಳುವವರು ಸಿಗುವ ತನಕ ಕಾಯಿರಿ. ಫ್ರೇಮಿನ ಅಳತೆ ಕಳಿಸಿ, ಸರಳು ಎಷ್ಟು ಬೇಕು ಅಂತ ಲೆಕ್ಕ ಹಾಕಿಕೊಡುತ್ತೇನೆ.

ಗೋಡೆಕಪ್ಪೆ
ಸರಿ ಅಣ್ಣಾ, ತುಂಬುವುದಿಲ್ಲ. ಅಳತೆ ನಾಳೆ ಕಳಿಸುತ್ತೇನೆ.

ಮಳೆನೀರು
ಟೈರ್ ಎಲ್ಲಿ ಹೋದವು?

ಗೋಡೆಕಪ್ಪೆ
ಎಲ್ಲೂ ಹೋಗಿಲ್ಲ. ತೂತು ಮಾಡಿ, ನಮ್ಮ ಮನೆಯ ಸೂರಿನ ಕೆಳಗೆ ಒಣಗಿದ ಕಡೆ ಇಟ್ಟಿದ್ದೇನೆ. ಮೂರು ಕಡೆ ಕೇಳಿದೆ, ಎರಡೇ ಟೈರ್ ಆದರೆ ಬೇಡ ಅಂದರು. ತೆಗೆದುಕೊಳ್ಳುವವರು ಯಾರಾದರೂ ಗೊತ್ತಿದ್ದರೆ ಹೇಳಿ, ಹೊತ್ತು ತಂದು ಕೊಡುತ್ತೇನೆ. ಸುಡುವವರಿಗೆ ಮಾತ್ರ ಕೊಡುವುದಿಲ್ಲ.